ಬಿಸಿಲು, ಬಟ್ಟೆ ಮತ್ತು ಪಂಪಿನ ತೊಳೆನೀರು: ಕೀಟನಾಶಕ ಒಡೆಯುವ ಎಳೆಗಳು ನಿಜವಾಗಿ ಎಲ್ಲಿಗೆ ಸಲ್ಲುತ್ತವೆ?

ಸೂರ್ಯನ ಬೆಳಕು ಬಿದ್ದರೆ ಸಾಕು, ನೀರಿನಲ್ಲಿರುವ ಕೀಟನಾಶಕವನ್ನು ಒಡೆದು ನಿರುಪದ್ರವಿಯಾಗಿಸುವ ಬಟ್ಟೆಯೊಂದು ಸಿದ್ಧವಾಗಿದೆ ಎಂಬ ಸುದ್ದಿ ಈಚಿನ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಂದ ಮೇಲಿಂದ ಮೇಲೆ ಬರುತ್ತಿದೆ. ಇಂಥ ಬಟ್ಟೆಯನ್ನು ನದಿಯಲ್ಲಿ ಹಾಸಿದರೆ ನದಿ ಶುದ್ಧವಾದೀತು, ಮನೆಯ ನೀರಿನ ಫಿಲ್ಟರಿಗೆ ಸುತ್ತಿದರೆ ಕುಡಿಯುವ ನೀರಿನ ಚಿಂತೆ ತಪ್ಪೀತು ಎಂಬ ನಿರೀಕ್ಷೆ ಸಹಜವಾಗಿಯೇ ಹುಟ್ಟುತ್ತದೆ. ಎರಡೂ ಸದ್ಯಕ್ಕೆ ಆಗುವ ಮಾತಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಎಳೆಗಳಿಗೆ ಸರಿಯಾಗಿ ಒಪ್ಪುವ ಜಾಗವೊಂದಿದೆ, ಮತ್ತು ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುತ್ತಿಲ್ಲ. ಔಷಧಿ ಹೊಡೆದು ಮುಗಿದ ಮೇಲೆ ಪಂಪು ತೊಳೆಯುವ ತೋಟದ ಮೂಲೆಯೇ ಆ ಜಾಗ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಜುನ್ನರ ತಾಲ್ಲೂಕಿನ ದ್ರಾಕ್ಷಿ, ಟೊಮೆಟೊ ಹೊಲಗಳ ನೀರು ಕುಕಡಿಯ ಮೂಲಕ ಘೋಡ್ ನದಿಗೂ ಅಲ್ಲಿಂದ ಭೀಮೆಗೂ ಹೋಗುತ್ತದೆ. ನಗರವನ್ನು ಹಾದುಬರುವ ಮುಳಾ–ಮುಠಾ ಕೂಡ ಭೀಮೆಯನ್ನೇ ಸೇರುತ್ತದೆ. ಉಜನಿ ಅಣೆಕಟ್ಟು, ಪಂಢರಪುರ ದಾಟಿದ ಭೀಮೆ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಗೆ ನೀರುಣಿಸಿ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ನಮ್ಮಲ್ಲಿ ಅನೇಕರ ಹುಟ್ಟೂರು ಇದೇ ನದಿಯ ಕೆಳದಂಡೆಯಲ್ಲಿದೆ; ಗಾಣಗಾಪುರದ ಸಂಗಮದಲ್ಲಿ ಮೀಯುವವರು ಮೀಯುವುದು ಮೇಲಿನ ಸೀಮೆಯಿಂದ ಇಳಿದು ಬಂದ ನೀರಿನಲ್ಲಿಯೇ.

ಮೊದಲು ಈ ಎಳೆಗಳು ಮಾಡುವ ಕೆಲಸವೇನೆಂದು ನೋಡೋಣ. ಇವುಗಳ ಜೀವಾಳ ಬಹುತೇಕ ಟೈಟಾನಿಯಂ ಡೈಆಕ್ಸೈಡ್, ಅಂದರೆ ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವ ಅದೇ ಪುಡಿ. 1972ರಲ್ಲಿ ಜಪಾನಿನ ಅಕಿರಾ ಫುಜಿಶಿಮಾ ಮತ್ತು ಕೆನಿಚಿ ಹೊಂಡಾ ಈ ವಸ್ತುವಿನ ಮೇಲೆ ಬೆಳಕು ಬಿಟ್ಟು ನೀರನ್ನು ಹೈಡ್ರೋಜನ್ ಮತ್ತು ಆಮ್ಲಜನಕವಾಗಿ ಒಡೆಯಬಹುದೆಂದು ತೋರಿಸಿದರು. 1977ರಲ್ಲಿ ಅಮೆರಿಕದ ಫ್ರಾಂಕ್ ಮತ್ತು ಬಾರ್ಡ್ ನೀರಿನಲ್ಲಿದ್ದ ಸಯನೈಡನ್ನು ಇದರ ಪುಡಿ ಮತ್ತು ಬೆಳಕಿನಿಂದ ನಾಶಮಾಡಿ, ಇದಕ್ಕೆ ನೀರು ಶುದ್ಧೀಕರಿಸುವ ಗುಣವೂ ಇದೆಯೆಂದು ಸಾಬೀತುಪಡಿಸಿದರು. ಇದರ ಅನಟೇಸ್ ಎಂಬ ಹರಳಿನ ರೂಪದ ಮೇಲೆ 3.2 ಎಲೆಕ್ಟ್ರಾನ್ ವೋಲ್ಟ್‌ಗಿಂತ ಹೆಚ್ಚು ಶಕ್ತಿಯ ಬೆಳಕು, ಅಂದರೆ ಸುಮಾರು 388 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆ ಬೆಳಕು ಬಿದ್ದಾಗ, ಅದರೊಳಗಿನ ಎಲೆಕ್ಟ್ರಾನೊಂದು ತನ್ನ ನೆಲೆ ಬಿಟ್ಟು ಮೇಲಕ್ಕೇರುತ್ತದೆ ಮತ್ತು ಅದು ಬಿಟ್ಟ ಖಾಲಿ ಜಾಗ ಧನವಿದ್ಯುತ್ತಿನಂತೆ ವರ್ತಿಸುತ್ತದೆ. ಆ ಖಾಲಿ ಜಾಗ ಪಕ್ಕದ ನೀರಿನಿಂದ ಎಲೆಕ್ಟ್ರಾನನ್ನು ಕಸಿದುಕೊಂಡಾಗ ಹುಟ್ಟುವುದು ಹೈಡ್ರಾಕ್ಸಿಲ್ ರಾಡಿಕಲ್. ಅತ್ತ ಮೇಲೇರಿದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಹೈಡ್ರಾಕ್ಸಿಲ್ ರಾಡಿಕಲ್ ಕ್ಷಣಮಾತ್ರ ಬದುಕುವ, ಆದರೆ ಎದುರು ಸಿಕ್ಕ ಬಹುತೇಕ ಎಲ್ಲ ಇಂಗಾಲದ ಸಂಯುಕ್ತಗಳನ್ನೂ ಕಚ್ಚಿ ಒಡೆಯುವ ಕಣ. ಇದರ ಬಲವೂ ದೌರ್ಬಲ್ಯವೂ ಇದೇ: ಕೀಟನಾಶಕ ಯಾವುದು, ಬೇರೆಯದು ಯಾವುದು ಎಂಬ ಭೇದ ಅದಕ್ಕಿಲ್ಲ.

ಹಾಗಿದ್ದರೆ ಪುಡಿಯನ್ನೇ ನೀರಿಗೆ ಹಾಕಿ ಕದಡಬಾರದೇಕೆ? ಕದಡಬಹುದು, ಕೆಲಸವೂ ಚೆನ್ನಾಗಿಯೇ ಆಗುತ್ತದೆ. ತೊಂದರೆ ಇರುವುದು ಆಮೇಲೆ. ಕೆಲವೇ ಹತ್ತು ನ್ಯಾನೊಮೀಟರ್ ಗಾತ್ರದ ಈ ಕಣಗಳು ಗಂಟೆಗಟ್ಟಲೆ ಬಿಟ್ಟರೂ ತಳಕ್ಕೆ ಕೂರುವುದಿಲ್ಲ, ಸಾಮಾನ್ಯ ಸೋಸುಬಟ್ಟೆಯಲ್ಲಿ ನಿಲ್ಲುವುದೂ ಇಲ್ಲ. ಕೀಟನಾಶಕ ತೆಗೆಯಲು ಹೋಗಿ ನ್ಯಾನೊ ಪುಡಿಯನ್ನು ಕಾಲುವೆಗೆ ಬಿಟ್ಟಂತಾಗುತ್ತದೆ. ಎಳೆಯ ಯೋಚನೆ ಹುಟ್ಟಿದ್ದು ಇಲ್ಲಿಂದ. ಪುಡಿಯ ಕಣಗಳನ್ನು ತೆಳುವಾದ ಎಳೆಗಳ ಮೇಲೆ ಕೂರಿಸಿದರೆ, ಅಥವಾ ಆ ವಸ್ತುವಿನಿಂದಲೇ ಎಳೆ ತೆಗೆದರೆ, ನೀರಿಗೆ ತಗುಲುವ ಮೇಲ್ಮೈ ವಿಶಾಲವಾಗಿಯೇ ಉಳಿಯುತ್ತದೆ, ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಎತ್ತಿ ತೆಗೆಯಬಹುದು.

ಎಳೆ ತೆಗೆಯುವ ರೀತಿ ನೋಡಲು ಸೊಗಸಾದದ್ದು. ಟೈಟಾನಿಯಂ ಸಂಯುಕ್ತ ಬೆರೆತ ಅಂಟಾದ ಪಾಲಿಮರ್ ದ್ರಾವಣವನ್ನು ಸಿರಿಂಜಿಗೆ ತುಂಬಿ, ಸೂಜಿಗೆ ಹತ್ತಿಪ್ಪತ್ತು ಸಾವಿರ ವೋಲ್ಟ್ ವಿದ್ಯುತ್ ಕೊಡುತ್ತಾರೆ. ಸೂಜಿಯ ತುದಿಯ ಹನಿ ಮೊದಲು ಶಂಕುವಿನಂತೆ ಚೂಪಾಗುತ್ತದೆ, ಆಮೇಲೆ ಅದರ ಮೊನೆಯಿಂದ ಕಣ್ಣಿಗೆ ಕಂಡೂ ಕಾಣದಂಥ ಧಾರೆಯೊಂದು ಚಿಮ್ಮಿ, ಗಾಳಿಯಲ್ಲಿ ಸುರುಳಿ ಸುತ್ತುತ್ತ ಒಣಗಿ, ಎದುರಿನ ಲೋಹದ ಹಾಳೆಯ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಒಂದೊಂದು ಎಳೆಯೂ ತಲೆಗೂದಲಿಗಿಂತ ನೂರಾರು ಪಟ್ಟು ತೆಳು. ಈ ಪೊರೆಯನ್ನು ಸುಮಾರು 500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಪಾಲಿಮರ್ ಉರಿದುಹೋಗಿ ಶುದ್ಧ ಟೈಟಾನಿಯಂ ಡೈಆಕ್ಸೈಡಿನ ಎಳೆಗಳು ಉಳಿಯುತ್ತವೆ. ಅವು ಚೆನ್ನಾಗಿ ಕೆಲಸ ಮಾಡುತ್ತವೆ, ಆದರೆ ಬೆರಳಲ್ಲಿ ಹಿಡಿದು ಬಗ್ಗಿಸಿದರೆ ಪುಡಿಯಾಗುತ್ತವೆ. ಸುಡದೆ ಪಾಲಿಮರಿನ ಮೇಲೆಯೇ ಕಣಗಳನ್ನು ಉಳಿಸಿಕೊಂಡರೆ ಬಟ್ಟೆ ಬಾಗುತ್ತದೆ, ಮಡಿಚಲು ಬರುತ್ತದೆ. ಆದರೆ ಆಗ ಹೈಡ್ರಾಕ್ಸಿಲ್ ರಾಡಿಕಲ್ ಕೀಟನಾಶಕದ ಜೊತೆಗೆ ತಾನು ಕೂತ ಬಟ್ಟೆಯನ್ನೂ ತಿನ್ನತೊಡಗುತ್ತದೆ. ಹತ್ತಿ, ಪಾಲಿಯೆಸ್ಟರ್‌ಗಳಿಗೆ ಇದು ದೊಡ್ಡ ಪೆಟ್ಟು. ಆದ್ದರಿಂದ ಫ್ಲೋರಿನ್ ಇರುವ ಪಾಲಿಮರುಗಳು, ಗಾಜಿನ ಎಳೆ, ಸಿಲಿಕಾ ಎಳೆಗಳ ಕಡೆಗೆ ಸಂಶೋಧಕರು ಹೊರಳಿದ್ದಾರೆ. ಜಪಾನಿನ ಉಬೆ ಕಂಪನಿಯ ಸಂಶೋಧಕರು ಒಳಗೆ ಗಟ್ಟಿ ಸಿಲಿಕಾ, ಹೊರಮೈಯಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುವ ಎಳೆಯನ್ನು ರೂಪಿಸಿ 2002ರಲ್ಲಿಯೇ ಪ್ರಕಟಿಸಿದ್ದರು. ಹೊರಪದರ ಅಂಟಿಸಿದ್ದಲ್ಲ, ಒಳಗಿನಿಂದಲೇ ಮೇಲ್ಮೈಗೆ ಬಂದು ಬೆಳೆದದ್ದಾದ್ದರಿಂದ ಅದು ಸುಲಭವಾಗಿ ಉದುರುವುದಿಲ್ಲ. ಈ ಕ್ಷೇತ್ರದಲ್ಲಿ ನಾನು ಕಂಡ ಅತ್ಯಂತ ವಿವೇಕದ ಕೆಲಸಗಳಲ್ಲಿ ಅದೊಂದು, ಏಕೆಂದರೆ ಅಲ್ಲಿ ಮೊದಲು ಯೋಚಿಸಿದ್ದು ವೇಗದ ಬಗ್ಗೆ ಅಲ್ಲ, ಬಾಳಿಕೆಯ ಬಗ್ಗೆ.

ಬೆಳಕಿನ ಲೆಕ್ಕ ಇನ್ನೊಂದು ಮಿತಿ. ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆಯ ಪಾಲು ಶೇಕಡಾ 4ರಿಂದ 5 ಮಾತ್ರ. ಉಳಿದ ಬೆಳಕನ್ನೂ ದುಡಿಸಿಕೊಳ್ಳಬೇಕೆಂದು ಟೈಟಾನಿಯಂ ಡೈಆಕ್ಸೈಡಿಗೆ ಸಾರಜನಕ ಬೆರೆಸುವುದು, ಇಂಗಾಲ ಮತ್ತು ಸಾರಜನಕದಿಂದಾದ ಹಳದಿ ಕಾರ್ಬನ್ ನೈಟ್ರೈಡ್ ಬಳಸುವುದು ನಡೆದಿದೆ. ಕಾರ್ಬನ್ ನೈಟ್ರೈಡ್ 460 ನ್ಯಾನೊಮೀಟರ್‌ವರೆಗಿನ, ಅಂದರೆ ಕಣ್ಣಿಗೆ ಕಾಣುವ ನೀಲಿ ಬೆಳಕನ್ನೂ ಹೀರುತ್ತದೆ. ಆದರೆ ಕಡಿಮೆ ಶಕ್ತಿಯ ಬೆಳಕಿನಿಂದ ಹುಟ್ಟುವ ಆಕ್ರಮಣವೂ ಮಂದವಾಗಿರುತ್ತದೆ. ಒಂದನ್ನು ಗಳಿಸಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೆ, ಇಂಥ ಯಾವುದೇ ವರದಿ ಓದುವಾಗ ಕೇಳಬೇಕಾದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಎರಡು ಗಂಟೆಯಲ್ಲಿ ಶೇಕಡಾ 95ರಷ್ಟು ಕೀಟನಾಶಕ ಮಾಯ’ ಎಂಬ ಬಗೆಯ ವಾಕ್ಯ ಹೇಳುವುದು ಮೂಲ ಅಣು ಇಲ್ಲವಾಯಿತೆಂದು ಮಾತ್ರ. ಅದರ ಜಾಗದಲ್ಲಿ ಏನು ಉಳಿಯಿತು ಎಂಬುದನ್ನು ಅದು ಹೇಳುವುದಿಲ್ಲ. ಕ್ಲೋರ್‌ಪೈರಿಫಾಸ್‌ನ ಉದಾಹರಣೆ ತೆಗೆದುಕೊಳ್ಳಿ. ಅದರ ಅಣುವಿನಲ್ಲಿ ರಂಜಕಕ್ಕೆ ಗಂಧಕವೊಂದು ಜೋಡಿಯಾಗಿದೆ. ಉತ್ಕರ್ಷಣೆಯ ಮೊದಲ ಹಂತದಲ್ಲಿ ಆ ಗಂಧಕದ ಜಾಗಕ್ಕೆ ಆಮ್ಲಜನಕ ಬಂದು ಕೂತರೆ ಆಗುವುದು ಕ್ಲೋರ್‌ಪೈರಿಫಾಸ್ ಆಕ್ಸಾನ್. ನರಗಳ ನಡುವಿನ ಸಂದೇಶವನ್ನು ನಿಯಂತ್ರಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ಹಿಡಿದು ನಿಲ್ಲಿಸುವುದರಲ್ಲಿ ಇದು ಮೂಲ ಕೀಟನಾಶಕಕ್ಕಿಂತಲೂ ಬಲಶಾಲಿ. ಮೆಲಾಥಿಯಾನ್, ಪ್ಯಾರಾಥಿಯಾನ್‌ಗಳದ್ದೂ ಇದೇ ಕಥೆ. ಬಿಸಿಲು ಸಾಕಷ್ಟು ಹೊತ್ತು ಸಿಕ್ಕರೆ ಆಕ್ಸಾನ್ ಕೂಡ ಒಡೆದು ಕೊನೆಗೆ ಇಂಗಾಲದ ಡೈಆಕ್ಸೈಡ್, ಕ್ಲೋರೈಡ್, ಸಲ್ಫೇಟ್, ಫಾಸ್ಫೇಟ್, ನೈಟ್ರೇಟ್ ಉಳಿಯುತ್ತವೆ. ಅರ್ಧಕ್ಕೆ ನಿಲ್ಲಿಸಿದರೆ ನೀರು ಮೊದಲಿಗಿಂತ ಹೆಚ್ಚು ವಿಷವಾಗಿರುವ ಸಾಧ್ಯತೆ ಉಂಟು. ಕಳೆನಾಶಕ ಅಟ್ರಜಿನ್‌ನ ವಿಷಯ ಇನ್ನೂ ವಿಚಿತ್ರ. ಅದರ ರೆಂಬೆಗಳೆಲ್ಲ ಕಳಚಿದರೂ ನಡುವಿನ ಟ್ರಯಜಿನ್ ಉಂಗುರ ಟೈಟಾನಿಯಂ ಡೈಆಕ್ಸೈಡಿಗೆ ಬಗ್ಗುವುದಿಲ್ಲ. ಪ್ರಕ್ರಿಯೆ ಸಯನ್ಯೂರಿಕ್ ಆಮ್ಲದ ಬಳಿ ಬಂದು ನಿಂತುಬಿಡುತ್ತದೆ. ಅದೃಷ್ಟವಶಾತ್ ಸಯನ್ಯೂರಿಕ್ ಆಮ್ಲದ ವಿಷತ್ವ ಕಡಿಮೆ, ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಮುಂದೆ ಒಡೆಯಬಲ್ಲವು. ಎರಡು ಕೀಟನಾಶಕಗಳಲ್ಲಿ ಇಷ್ಟು ಅಂತರವಿರುವಾಗ, ಮೆಥಿಲೀನ್ ಬ್ಲೂ ಎಂಬ ಬಣ್ಣವನ್ನು ನೀರಿಗೆ ಹಾಕಿ ಅದು ಬಿಳಿಚಿಕೊಂಡಿತೆಂದು ತೋರಿಸಿ, ಅದರ ಬಲದ ಮೇಲೆ ಕೀಟನಾಶಕದ ಬಗ್ಗೆ ಭರವಸೆ ಕೊಡುವ ರೂಢಿ ನಿಲ್ಲಬೇಕು. ಬಣ್ಣ ತಾನೇ ಬೆಳಕನ್ನು ಹೀರುತ್ತದೆ, ತನ್ನಷ್ಟಕ್ಕೆ ತಾನೂ ಕೆಡುತ್ತದೆ. ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲ ಎಷ್ಟು, ನಡುವೆ ಹುಟ್ಟಿದ ವಸ್ತುಗಳು ಯಾವುವು, ಅವುಗಳ ವಿಷತ್ವ ಎಷ್ಟು ಎಂಬ ಮೂರನ್ನೂ ಅಳೆಯದ ಪರೀಕ್ಷೆ ಅಪೂರ್ಣ.

ನೀರಿನ ಗುಣವೂ ಗಣನೆಗೆ ಬರಬೇಕು. ಪ್ರಯೋಗಾಲಯದಲ್ಲಿ ಬಳಸುವುದು ಬಟ್ಟಿ ಇಳಿಸಿದ ನೀರು. ಪುಣೆಯ ಸುತ್ತಿನ ನೆಲ ದಖ್ಖನ್ನಿನ ಕಪ್ಪು ಬಸಾಲ್ಟ್. ಇಲ್ಲಿನ ಬಾವಿ, ಬೋರ್‌ವೆಲ್‌ಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬನೇಟ್ ಧಾರಾಳವಾಗಿರುತ್ತದೆ, ಬಿಸಿನೀರಿನ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುವುದು ಅದರಿಂದಲೇ. ಬೈಕಾರ್ಬನೇಟ್ ಹೈಡ್ರಾಕ್ಸಿಲ್ ರಾಡಿಕಲನ್ನು ನುಂಗಿ ಕಾರ್ಬನೇಟ್ ರಾಡಿಕಲ್ ಎಂಬ ಮೆತ್ತಗಿನ ಕಣವಾಗಿಸುತ್ತದೆ. ಕೊಳೆತ ಎಲೆಗಳ ಸಾರ, ಕ್ಲೋರೈಡ್, ಚರಂಡಿ ನೀರಿನ ಕೊಬ್ಬು ಎಲ್ಲವೂ ಇದೇ ಪಾಲಿಗೆ ಕೈಚಾಚುತ್ತವೆ. ನದಿಯ ಪ್ರತಿ ಲೀಟರ್ ನೀರಿನಲ್ಲಿ ಕೀಟನಾಶಕ ಇರುವುದು ಮೈಕ್ರೊಗ್ರಾಂಗಳಲ್ಲಿ, ಈ ಪ್ರತಿಸ್ಪರ್ಧಿಗಳು ಇರುವುದು ಹತ್ತಾರು, ನೂರಾರು ಮಿಲಿಗ್ರಾಂಗಳಲ್ಲಿ. ನದಿಯಲ್ಲಿ ಬಟ್ಟೆ ಹಾಸುವ ಯೋಜನೆ ಈ ಒಂದು ಲೆಕ್ಕಕ್ಕೇ ಸೋಲುತ್ತದೆ. ಪಾಚಿ, ಹೂಳು, ನೆರೆಗಳ ಮಾತು ಆಮೇಲಿನದು.

ಈಗ ತೋಟದ ಮೂಲೆಗೆ ಬನ್ನಿ. ಔಷಧಿ ಹೊಡೆದು ಮುಗಿದ ಮೇಲೆ ಟ್ಯಾಂಕಿನ ತಳದಲ್ಲಿ, ಪೈಪಿನ ಉದ್ದಕ್ಕೂ, ಜಾಲರಿಯಲ್ಲಿ ಸ್ವಲ್ಪ ದ್ರಾವಣ ಉಳಿದೇ ಉಳಿಯುತ್ತದೆ. ಹಾಗೇ ಬಿಟ್ಟರೆ ನಾಜಲ್ ಕಟ್ಟಿಕೊಳ್ಳುತ್ತದೆ, ಮರುದಿನ ಬೇರೆ ಔಷಧಿ ಬೆರೆಸಿದರೆ ಬೆಳೆ ಸುಡಬಹುದು. ಆದ್ದರಿಂದ ರೈತ ಅಲ್ಲಿಯೇ, ನೀರು ಸಿಗುವ ಬಾವಿಯ ಅಥವಾ ಕಾಲುವೆಯ ಪಕ್ಕದಲ್ಲಿಯೇ ತೊಳೆಯುತ್ತಾನೆ. ಮೊದಲ ತೊಳೆತದ ನೀರು ಹಾಲಿನಂತೆ ಬೆಳ್ಳಗೆ ಹೊರಬೀಳುತ್ತದೆ, ಎರಡನೆಯದು ತಿಳಿಯಾಗುತ್ತದೆ, ನೆಲದ ಮೇಲೆ ಒಣಗಿದ ಬಿಳಿಯ ಗೆರೆಗಳು ವರ್ಷವಿಡೀ ಇರುತ್ತವೆ. ಎಷ್ಟು ಉಳಿದೀತು ಎಂದು ಲೆಕ್ಕ ಹಾಕೋಣ. ಕ್ಲೋರ್‌ಪೈರಿಫಾಸ್ 20 ಇಸಿಯನ್ನು (ಶೇಕಡಾ 20 ವಿಷವಿರುವ ದ್ರವ ಔಷಧಿ) ಲೀಟರಿಗೆ 2.5 ಮಿಲಿ ಬೆರೆಸಿದರೆ ಪ್ರತಿ ಲೀಟರಿನಲ್ಲಿ ಅರ್ಧ ಗ್ರಾಂ ವಿಷವಿರುತ್ತದೆ. ಟ್ಯಾಂಕು, ಪೈಪುಗಳಲ್ಲಿ ಐದು ಲೀಟರ್ ಉಳಿದರೆ ಅದರಲ್ಲಿ 2.5 ಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನದಂಡವಾದ ಐಎಸ್ 10500 ಕ್ಲೋರ್‌ಪೈರಿಫಾಸ್‌ಗೆ ಇಟ್ಟಿರುವ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ. ಆ ಮಿತಿಗೆ ಇಳಿಸಬೇಕಾದರೆ ಈ 2.5 ಗ್ರಾಮಿಗೆ 80 ಸಾವಿರ ಲೀಟರಿಗಿಂತ ಹೆಚ್ಚು ನೀರು ಬೇಕು. ಯಾವುದೇ ಒಂದು ಕೀಟನಾಶಕಕ್ಕೆ ಯುರೋಪು ಇಟ್ಟಿರುವ 0.1 ಮೈಕ್ರೊಗ್ರಾಂ ಮಿತಿಯನ್ನು ಹಿಡಿದರೆ ಎರಡೂವರೆ ಕೋಟಿ ಲೀಟರ್. ಒಬ್ಬ ರೈತ, ಒಂದು ಸಂಜೆ, ಒಂದು ಪಂಪು.

ಇದೇ ವಿಷ ಐದು ಲೀಟರಿನಲ್ಲಿಯೋ, ತೊಳೆದ ನೀರು ಸೇರಿ ಐವತ್ತು ಲೀಟರಿನಲ್ಲಿಯೋ ಇರುವಾಗಲೇ ಹಿಡಿದರೆ ಪ್ರತಿಸ್ಪರ್ಧಿಗಳ ಲೆಕ್ಕ ತಲೆಕೆಳಗಾಗುತ್ತದೆ: ಕೀಟನಾಶಕ ಲೀಟರಿಗೆ ಹತ್ತಾರು ಮಿಲಿಗ್ರಾಂಗಳಷ್ಟು ಇರುವುದರಿಂದ ರಾಡಿಕಲ್‌ಗಳಲ್ಲಿ ಅದಕ್ಕೂ ಗಣನೀಯ ಪಾಲು ಸಿಗುತ್ತದೆ. ಆದರೂ ಎಷ್ಟು ಬಟ್ಟೆ ಬೇಕು? ಬಿಸಿಲಿನ ಹೊತ್ತಿನಲ್ಲಿ ಒಂದು ಚದರ ಮೀಟರಿನ ಮೇಲೆ ಸುಮಾರು 30 ವ್ಯಾಟ್ ಅತಿನೇರಳೆ ಬೀಳುತ್ತದೆಂದೂ ದಿನಕ್ಕೆ ಐದು ಗಂಟೆ ಒಳ್ಳೆಯ ಬಿಸಿಲೆಂದೂ, ಬಿದ್ದ ನೂರು ಬೆಳಕಿನ ಕಣಗಳಲ್ಲಿ ಒಂದು ಮಾತ್ರ ಕೆಲಸಕ್ಕೆ ಬರುತ್ತದೆಂದೂ ಇಟ್ಟುಕೊಳ್ಳೋಣ. ಕ್ಲೋರ್‌ಪೈರಿಫಾಸ್‌ನ ಒಂದು ಅಣುವನ್ನು ಪೂರ್ತಿ ಸುಟ್ಟು ಮುಗಿಸಲು ಐವತ್ತಕ್ಕೂ ಹೆಚ್ಚು ಎಲೆಕ್ಟ್ರಾನುಗಳನ್ನು ಕೀಳಬೇಕು. ಹೀಗೆ ಲೆಕ್ಕ ಹಾಕಿದರೆ ಒಂದು ಚದರ ಮೀಟರ್ ಬಟ್ಟೆ 2.5 ಗ್ರಾಂ ಕ್ಲೋರ್‌ಪೈರಿಫಾಸನ್ನು ಮುಗಿಸಲು ಮೂರು ವಾರಕ್ಕೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ನಾಲ್ಕು ಚದರ ಮೀಟರ್ ಹಾಸಿದರೆ ಸುಮಾರು ಒಂದು ವಾರ. ಇದು ಒರಟು ಅಂದಾಜು. ಆದರೆ ‘ಎರಡು ಗಂಟೆಯಲ್ಲಿ ಮಾಯ’ ಎಂಬ ಘೋಷಣೆಗೂ ತೋಟದ ವಾಸ್ತವಕ್ಕೂ ಇರುವ ದೂರ ಇದರಿಂದ ತಿಳಿಯುತ್ತದೆ. ಹಾಗೆಂದು ಇದು ನಿರಾಶೆಯ ಉತ್ತರವೂ ಅಲ್ಲ. ಎರಡು ಮಂಚ ಜೋಡಿಸಿದಷ್ಟಗಲದ, ಆಳವಿಲ್ಲದ ತೊಟ್ಟಿ, ಅದರೊಳಗೆ ಎಳೆಯ ಹಾಸು, ಮೇಲೆ ಬೆರಳಿನ ಗಾತ್ರದ ನೀರು, ವಾರದ ಬಿಸಿಲು: ಇಷ್ಟು ಜಾಗ ಯಾವ ತೋಟದಲ್ಲಿಯೂ ಇದೆ. ಹಾಲಿನಂಥ ಮೊದಲ ತೊಳೆತದ ನೀರಿನೊಳಕ್ಕೆ ಮಾತ್ರ ಬೆಳಕು ಇಳಿಯುವುದಿಲ್ಲ, ಆದ್ದರಿಂದ ಅದನ್ನು ಟ್ಯಾಂಕಿಗೇ ತಿರುಗಿ ಹಾಕಿ ಬೆಳೆಗೇ ಹೊಡೆದು ಮುಗಿಸಬೇಕು. ಎಳೆಯ ತೊಟ್ಟಿಗೆ ಹೋಗಬೇಕಾದದ್ದು ನಂತರದ ತಿಳಿನೀರು. ಹೀಗೆ ಮಾಡಿದರೆ ತೊಟ್ಟಿಯ ಹೊರೆಯೂ ತಾನಾಗಿ ಇಳಿಯುತ್ತದೆ.

ಹವಾಮಾನವೂ ದ್ರಾಕ್ಷಿಯ ಮಟ್ಟಿಗೆ ಅನುಕೂಲಕ್ಕೆ ಬರುತ್ತದೆ. ಮಳೆಗಾಲದ ಬೆಳೆಗಳಿಗೆ ಔಷಧಿ ಹೊಡೆಯುವ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಪುಣೆಯ ಆಕಾಶ ಮುಚ್ಚಿರುತ್ತದೆ. ಆಗ ಈ ಎಳೆಗಳಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಆದರೆ ಮಹಾರಾಷ್ಟ್ರದ ದ್ರಾಕ್ಷಿಯಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ ಸುಮಾರಿಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಕತ್ತರಿಸುವ ಕೆಲಸ, ಮಾಡುತ್ತಾರೆ. ಬೂಜುರೋಗ, ಬೂದಿರೋಗಗಳಿಗೆ ಹೆದರಿ ಎಡೆಬಿಡದೆ ಔಷಧಿ ಹೊಡೆಯುವುದು ಅಕ್ಟೋಬರ್ ಚಾಟ್ನಿಯ ನಂತರ. ಮುಂದಿನ ತಿಂಗಳುಗಳು ಇಲ್ಲಿ ನಿಚ್ಚಳ ಬಿಸಿಲಿನವು. ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು: ಶಿಲೀಂಧ್ರನಾಶಕಗಳಾದ ಬೋರ್ಡೋ ದ್ರಾವಣದ ತಾಮ್ರವನ್ನಾಗಲಿ, ಮ್ಯಾಂಕೊಜೆಬ್‌ನ ಮ್ಯಾಂಗನೀಸ್, ಸತುವನ್ನಾಗಲಿ ಯಾವ ಬೆಳಕೂ ಒಡೆಯಲಾರದು. ಲೋಹ ಲೋಹವಾಗಿಯೇ ಉಳಿಯುತ್ತದೆ. ಅದಕ್ಕೆ ಬೇರೆ ವ್ಯವಸ್ಥೆ ಬೇಕು.

ಈ ತೊಳೆನೀರಿನ ಬಗ್ಗೆ ಕಾನೂನು ಮೌನವಾಗಿಲ್ಲ. ಕೀಟನಾಶಕ ನಿಯಮಗಳು, 1971ರ 44ನೆಯ ನಿಯಮ ಖಾಲಿ ಡಬ್ಬಿ, ಮಿಕ್ಕ ಔಷಧಿ ಮತ್ತು ತೊಳೆನೀರನ್ನು ಪರಿಸರ, ನೀರು ಕೆಡದಂತೆ ವಿಲೇವಾರಿ ಮಾಡಬೇಕೆಂದು ಹೇಳುತ್ತದೆ. ಆದರೆ ಹಾಗೆ ಮಾಡಲು ರೈತನ ಕೈಯಲ್ಲಿ ಸಾಧನ ಯಾವುದು? ಹಣ್ಣಿನ ವಿಷಯದಲ್ಲಿ ನಾವು ಎಷ್ಟು ಶಿಸ್ತು ಕಲಿತಿದ್ದೇವೆಂದು ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ. 2003ರಲ್ಲಿ ಮೆಥೊಮಿಲ್ ಎಂಬ ಕೀಟನಾಶಕದ ಶೇಷದಿಂದಾಗಿ ನಮ್ಮ ದ್ರಾಕ್ಷಿ ಯುರೋಪಿನಲ್ಲಿ ತಕರಾರಿಗೆ ಸಿಕ್ಕಿತು; ಅದರ ಬೆನ್ನಿಗೇ ರಫ್ತು ದ್ರಾಕ್ಷಿಯ ಶೇಷ ತಪಾಸಣೆ ಆರಂಭವಾಗಿ, ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ ಪ್ರಯೋಗಾಲಯ ಅದರ ಕೇಂದ್ರವಾಯಿತು. 2010ರಲ್ಲಿ ಬಳ್ಳಿಯ ಬೆಳವಣಿಗೆ ನಿಯಂತ್ರಿಸುವ ಕ್ಲೋರ್‌ಮೆಕ್ವಾಟ್ ಶೇಷ ಮತ್ತೆ ಪೆಟ್ಟು ಕೊಟ್ಟಾಗ ವ್ಯವಸ್ಥೆ ಇನ್ನಷ್ಟು ಬಿಗಿಯಾಯಿತು. ಮೆಥೊಮಿಲ್ ಅನ್ನೇ 2023ರಲ್ಲಿ ದೇಶ ನಿಷೇಧಿಸಿತು. ಹೊರದೇಶದ ಗ್ರಾಹಕನ ತಟ್ಟೆಯ ಹಣ್ಣಿಗೆ ಸಿಕ್ಕ ಈ ಎಚ್ಚರ, ಅದೇ ತೋಟದಿಂದ ಭೀಮೆಗೆ ಇಳಿಯುವ ನೀರಿಗೆ ಸಿಗದಿರುವುದು ನನಗೆ ನೋವಿನ ವಿಷಯ.

ಎಳೆಯೊಂದೇ ದಾರಿ ಎಂದು ನಾನು ವಾದಿಸುತ್ತಿಲ್ಲ. ಸ್ಪೇನಿನ ಅಲ್ಮೆರಿಯಾದಲ್ಲಿ, ಹಸಿರುಮನೆಗಳ ಕೀಟನಾಶಕ ಡಬ್ಬಿಗಳನ್ನು ತೊಳೆದ ನೀರನ್ನು ಬಿಸಿಲು, ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಶುದ್ಧೀಕರಿಸುವ ಘಟಕವೇ ಕೆಲಸ ಮಾಡಿದೆ; ಆದರೆ ಅದಕ್ಕೆ ನೀರನ್ನು ಆಮ್ಲೀಯವಾಗಿಸಿ ಮತ್ತೆ ಸರಿಪಡಿಸುವ ಕುಶಲ ಕೈ ಬೇಕು. ಸ್ವೀಡನ್ನಿನಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಜೈವಿಕ ಹಾಸು ಇನ್ನೂ ಸರಳ: ಹುಲ್ಲು, ಪೀಟ್ (ಜೌಗು ನೆಲದ ಅರೆಕೊಳೆತ ಸಸ್ಯರಾಶಿ), ಮಣ್ಣು ಬೆರೆಸಿ ತುಂಬಿದ ಗುಂಡಿಯ ಮೇಲೆ ಪಂಪು ತೊಳೆದರೆ, ಹುಲ್ಲಿನಲ್ಲಿ ಬೆಳೆಯುವ ಶಿಲೀಂಧ್ರಗಳು ವಿಷವನ್ನು ನಿಧಾನವಾಗಿ ಒಡೆಯುತ್ತವೆ. ಕಬ್ಬಿನ ರವದಿ ಹೇರಳವಾಗಿರುವ ನಮ್ಮ ಸೀಮೆಗೆ ಇದು ಅಗ್ಗ. ಎಳೆಯ ತೊಟ್ಟಿಯೂ ಜೈವಿಕ ಹಾಸೂ ಒಂದರ ಹಿಂದೆ ಒಂದು ಇರಬಹುದು. ಬೆಳಕು ಮುಟ್ಟಿ ಅರ್ಧ ಒಡೆದದ್ದನ್ನು, ಅಟ್ರಜಿನ್‌ನಿಂದ ಉಳಿದ ಸಯನ್ಯೂರಿಕ್ ಆಮ್ಲದಂಥದ್ದನ್ನು, ಮಣ್ಣಿನ ಜೀವಿಗಳು ಮುಗಿಸುತ್ತವೆ. ಒಂಟಿ ತಂತ್ರಕ್ಕಿಂತ ಈ ಜೋಡಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಬಟ್ಟೆ ಎಂದೊಡನೆ ಔಷಧಿ ಹೊಡೆಯುವವರ ಮೈಮೇಲಿನ ಬಟ್ಟೆ ನೆನಪಾಗುವುದು ಸಹಜ. ಅದಕ್ಕೆ ಬೆಳಕಿನಿಂದ ಕೆಲಸ ಮಾಡುವ ಈ ದ್ಯುತಿ ವೇಗವರ್ಧಕ ಎಳೆ ಸರಿಯಾದ ಆಯ್ಕೆಯಲ್ಲ. ಚರ್ಮದ ಪಕ್ಕದಲ್ಲಿ ರಾಡಿಕಲ್ ಹುಟ್ಟಿಸುವುದು ಬೇಡ, ಮೋಡದ ದಿನ ರಕ್ಷಣೆ ಇಲ್ಲದಂತಾಗುವುದೂ ಬೇಡ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆ ರೂಪಿಸಿ 2024ರ ಡಿಸೆಂಬರಿನಲ್ಲಿ ಹೊರತಂದ ‘ಕಿಸಾನ್ ಕವಚ’ ಬೇರೆ ದಾರಿ ಹಿಡಿದಿದೆ. ಅದರ ಹತ್ತಿಬಟ್ಟೆಗೆ ಜೋಡಿಸಿದ ಆಕ್ಸೈಮ್ ಗುಂಪುಗಳು ಆರ್ಗನೊಫಾಸ್ಫೇಟ್‌ನಂಥ ಕೀಟನಾಶಕಗಳನ್ನು ಬೆಳಕಿನ ಹಂಗಿಲ್ಲದೆ ಜಲವಿಭಜನೆಯಿಂದ, ಅಂದರೆ ನೀರಿನ ನೆರವಿನಿಂದ, ಕತ್ತರಿಸುತ್ತವೆ. ಹೊರಬಂದಾಗ ಸುಮಾರು 4,000 ರೂಪಾಯಿ ಬೆಲೆಯಿದ್ದ ಆ ಉಡುಪು ಒಗೆದು ವರ್ಷದವರೆಗೆ ಬಳಸುವಂಥದ್ದು. ಮೈಗೆ ಅದು, ತೊಳೆನೀರಿಗೆ ಇದು.

ಪುಣೆಯಲ್ಲಿ ಇದನ್ನು ಪರೀಕ್ಷಿಸಲು ಬೇಕಾದದ್ದೆಲ್ಲ ಒಂದೇ ಊರಿನಲ್ಲಿದೆ. ಪಾಷಾಣ್ ಬಡಾವಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಮತ್ತು ಎಲೆಕ್ಟ್ರಾನಿಕ್ಸ್ ವಸ್ತುಗಳ ಸಂಶೋಧನೆ ನಡೆಸುವ ಸಿ–ಮೆಟ್ ಸಂಸ್ಥೆಗಳಲ್ಲಿ ಬೆಳಕಿನ ವೇಗವರ್ಧಕಗಳ ಅನುಭವವಿದೆ, ಮಾಂಜರಿಯಲ್ಲಿ ಶೇಷವನ್ನು ಸೂಕ್ಷ್ಮ ಪ್ರಮಾಣದಲ್ಲಿ ಅಳೆಯುವ ಉಪಕರಣಗಳೂ ದ್ರಾಕ್ಷಿ ತೋಟವೂ ಇವೆ. ಬಟ್ಟಿ ಇಳಿಸಿದ ನೀರು ಬಿಟ್ಟು ಬೋರ್‌ವೆಲ್ಲಿನ ನೀರಿನಲ್ಲಿ, ಶುದ್ಧ ರಾಸಾಯನಿಕ ಬಿಟ್ಟು ಅಂಗಡಿಯಲ್ಲಿ ಸಿಗುವ ಔಷಧಿಯ ತೊಳೆನೀರಿನಲ್ಲಿ, ಅಕ್ಟೋಬರ್ ಚಾಟ್ನಿಯಿಂದ ಕೊಯ್ಲಿನವರೆಗೆ ಒಂದೇ ಹಾಸನ್ನು ಮತ್ತೆ ಮತ್ತೆ ಬಳಸಿ ನೋಡಬೇಕು. ಕ್ಲೋರ್‌ಪೈರಿಫಾಸ್ ಎಷ್ಟು ಹೋಯಿತು ಎಂಬುದರ ಜೊತೆಗೆ ಆಕ್ಸಾನ್ ಎಷ್ಟು ಹುಟ್ಟಿತು, ಹಾಸಿನಿಂದ ಟೈಟಾನಿಯಂ ಎಷ್ಟು ಉದುರಿತು, ಹತ್ತನೆಯ ತೊಳೆತದಲ್ಲಿ ವೇಗ ಎಷ್ಟಕ್ಕೆ ಇಳಿಯಿತು, ಒಂದು ಹಾಸಿಗೆ ರೈತನಿಗೆ ಎಷ್ಟು ಖರ್ಚು ಬಂದಿತು ಎಂಬುದನ್ನೂ ಅದೇ ವರದಿಯಲ್ಲಿ, ಮರಾಠಿಯ ಜೊತೆಗೆ ಭೀಮೆಯ ಕೆಳದಂಡೆಯವರು ಓದುವ ಕನ್ನಡದಲ್ಲಿಯೂ ಪ್ರಕಟಿಸಬೇಕು.